ಸುಟ್ಟ ಕಾಗದ, ಉಳಿದ ಗಾಜು: ಶೇರ್‌ಗಿಲ್ ಮನೆಯ ಆಲ್ಬಮ್ಮಿನ ಪ್ರಕರಣ

1938ರಲ್ಲಿ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಮದುವೆಯಾಗಲೆಂದು ಹಂಗೆರಿಗೆ ಹೋಗಿದ್ದರು. ಗಂಡು ವಿಕ್ಟರ್ ಎಗಾನ್, ವೈದ್ಯ, ತಾಯಿಯ ಸೋದರಿಯ ಮಗ. ನಮ್ಮ ಲೆಕ್ಕದಲ್ಲಿ ಅಣ್ಣನ ವರಸೆ. ಅಮೃತಾರ ಮನೆಯವರಿಗೂ ಈ ಸಂಬಂಧ ಹಿಡಿಸಿರಲಿಲ್ಲ. ಮಗಳು ಅತ್ತ ಹೋದ ಮೇಲೆ ಇತ್ತ ಮನೆಯಲ್ಲಿ ಅವರು ಬಿಟ್ಟುಹೋಗಿದ್ದ ಕಾಗದಗಳು ತಂದೆತಾಯಿಯ ಕೈಗೆ ಬಂದವು. ಓದಿದರು, ಬೆಂಕಿಗೆ ಹಾಕಿದರು. ಗೆಳೆಯರು ಬರೆದವು, ಮನಸ್ಸು ಕೊಟ್ಟವರು ಬರೆದವು ಅದರಲ್ಲಿದ್ದವು. ಜವಾಹರಲಾಲ್ ನೆಹರೂ ಬರೆದ ಕೆಲವೂ ಇದ್ದವು.

ಅದೇ ಕುಟುಂಬದ ಬಳಿ ಇನ್ನೊಂದು ರಾಶಿಯಿತ್ತು. ತಂದೆ ಉಮ್ರಾವ್ ಸಿಂಗ್ ದಶಕಗಳಿಂದ ತೆಗೆದ ಫೋಟೋಗಳು, ಅವುಗಳ ಗಾಜಿನ ನೆಗೆಟಿವ್‌ಗಳು. ಕೈ ಜಾರಿದರೆ ಚೂರಾಗುವ ವಸ್ತು. ಹಂಗೆರಿ, ಶಿಮ್ಲಾ, ಪ್ಯಾರಿಸ್ ಎಂದು ಗಂಟುಮೂಟೆ ಕಟ್ಟಿ ತಿರುಗಿದ ಮನೆತನದಲ್ಲಿ ಅವು ಉಳಿದು ಬಂದಿವೆಯೆಂದರೆ ಯಾರೋ ಪ್ರತಿಸಲ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಜೋಪಾನವಾಗಿ ಇಳಿಸಿಕೊಂಡಿದ್ದಾರೆ ಎಂದೇ ಅರ್ಥ.

ಒಂದೇ ಮನೆ. ಕಾಗದಕ್ಕೆ ಬೆಂಕಿ, ಗಾಜಿಗೆ ಹತ್ತಿ. ಭಾರತದಲ್ಲಿ ಕುಟುಂಬದ ಫೋಟೋ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಪ್ರಕರಣವನ್ನೇ. ಇಲ್ಲಿ ಫೋಟೋ ತೆಗೆದವರು ಯಾರು, ಎದುರು ನಿಂತವರು ಯಾರು, ಚೌಕಟ್ಟಿನ ಆಚೆ ಏನಿತ್ತು, ಎರಡು ತಲೆಮಾರಿನ ನಂತರ ಅದನ್ನು ಬಿಚ್ಚಿ ಮತ್ತೆ ಜೋಡಿಸಿದವರು ಯಾರು, ಎಲ್ಲಕ್ಕೂ ದಾಖಲೆಯಿದೆ. ಬೇರೆ ಮನೆಗಳಲ್ಲಿ ಇಷ್ಟು ಸಿಗುವುದಿಲ್ಲ.

ಮನೆಯ ಜನ

ಉಮ್ರಾವ್ ಸಿಂಗ್ ಶೇರ್‌ಗಿಲ್ 1870ರಲ್ಲಿ ಹುಟ್ಟಿದವರು, ಪಂಜಾಬಿನ ಮಜೀಠಾದ ಜಾಗೀರುದಾರ ಮನೆತನ. ಸಂಸ್ಕೃತ, ಪಾರ್ಸಿ ಓದಿಕೊಂಡವರು. ಟಾಲ್‌ಸ್ಟಾಯ್ ಮೇಲೆ ಭಕ್ತಿ, ಯೋಗಾಭ್ಯಾಸ, ಆಕಾಶ ನೋಡುವ ಹುಚ್ಚು, ಮರಗೆಲಸ. ಕವಿ ಇಕ್ಬಾಲರ ಸ್ನೇಹಿತ. ತಮ್ಮ ಸುಂದರ್ ಸಿಂಗ್ ಮಜೀಠಿಯಾ ಬ್ರಿಟಿಷರ ಜೊತೆ ಹೊಂದಿಕೊಂಡು 'ಸರ್' ಆದರೆ, ಅಣ್ಣನ ಮೇಲೆ ಸರ್ಕಾರಕ್ಕೆ ಸದಾ ಒಂದು ಅನುಮಾನ.

ಮೇರಿ ಆಂಟ್ವಾನೆಟ್ ಗೊಟ್ಟೆಸ್‌ಮನ್ ಹಂಗೆರಿಯವರು, ಒಪೆರಾ ಹಾಡುಗಾರಿಕೆ ಕಲಿತವರು. ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು ಬಾಂಬಾ ಅವರ ಸಂಗಾತಿಯಾಗಿ ಲಾಹೋರಿಗೆ ಬಂದಿದ್ದರು. 1912ರಲ್ಲಿ ಇಬ್ಬರೂ ಮದುವೆಯಾಗಿ ಬುಡಾಪೆಸ್ಟಿಗೆ ಹೊರಟರು. 1913ರ ಜನವರಿಯಲ್ಲಿ ಅಮೃತಾ, ಮುಂದಿನ ವರ್ಷ ಇಂದಿರಾ. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ಇಂಡಿಯಾದ ಪ್ರಜೆಗೆ ಆಗ ಹಂಗೆರಿ ಶತ್ರುದೇಶ. ಕುಟುಂಬ ಅಲ್ಲೇ ಸಿಕ್ಕಿಬಿತ್ತು. ಭಾರತಕ್ಕೆ ಬಂದದ್ದು 1921ರಲ್ಲಿ.

ಮಕ್ಕಳಿಬ್ಬರ ಬಾಲ್ಯದ ಫೋಟೋಗಳ ಒಂದು ದೊಡ್ಡ ಪಾಲು ಈ ಸಿಕ್ಕಿಬಿದ್ದ ವರ್ಷಗಳವು. ಊರಿಂದ ಹಣ ಬರುವುದು ದುಸ್ತರವಾಗಿತ್ತು, ಯುದ್ಧದ ಕೊನೆಗೆ ಹಂಗೆರಿಯಲ್ಲಿ ಸರ್ಕಾರಗಳೇ ಮಗುಚಿ ಬೀಳುತ್ತಿದ್ದವು. ಫೋಟೋ ನೋಡಿದರೆ ಇದರ ಸುಳಿವೂ ಇಲ್ಲ. ತೊಡಿಸಿ ಸಿಂಗರಿಸಿದ ಇಬ್ಬರು ಪುಟ್ಟ ಹುಡುಗಿಯರು, ಗಂಭೀರ ಮುಖ, ದೊಡ್ಡ ಕಣ್ಣು. ಯುದ್ಧ ಆ ಮನೆಯ ಹೊಸ್ತಿಲು ದಾಟಲೇ ಇಲ್ಲವೇನೋ ಅನಿಸಬೇಕು, ಹಾಗೆ ತೆಗೆದಿದ್ದಾರೆ.

ಗಾಜಿನ ಮೇಲೆ ಸಂಸಾರ

ಉಮ್ರಾವ್ ಸಿಂಗ್ ಕ್ಯಾಮೆರಾ ಹಿಡಿದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಆ ಹೊತ್ತಿಗೆ ಅಮೆರಿಕದಲ್ಲಿ ಕೊಡಕ್ ಕಂಪನಿ 'ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ' ಎಂದು 1888ರಿಂದಲೇ ಸಾರತೊಡಗಿತ್ತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಕ್ಯಾಮೆರಾ ಬಂದು ಮಕ್ಕಳ ಕೈಗೂ ಸೇರಿತು. ಉಮ್ರಾವ್ ಸಿಂಗರ ದಾರಿ ಬೇರೆ. ಅವರದು ಮುಕ್ಕಾಲಿ, ಗಾಜಿನ ಪ್ಲೇಟು, ಕತ್ತಲೆ ಕೋಣೆಯ ದಾರಿ. ಎರಡು ಕಣ್ಣಿಗೆ ಎರಡು ಚಿತ್ರ ಕೊಟ್ಟು ಆಳ ತೋರಿಸುವ ಸ್ಟೀರಿಯೋ ಫೋಟೋಗಳನ್ನೂ ತೆಗೆದರು, ಲ್ಯೂಮಿಯೇರ್ ಸೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೋಕ್ರೋಮ್ ಎಂಬ ಬಣ್ಣದ ಪ್ಲೇಟುಗಳನ್ನೂ ಬಳಸಿದರು.

ಈ ಆಟೋಕ್ರೋಮ್ ವಿಚಾರ ಸ್ವಲ್ಪ ಹೇಳಲೇಬೇಕು, ಏಕೆಂದರೆ ಆಗಿನ ಫೋಟೋದಲ್ಲಿ ಕುಟುಂಬ ಯಾಕೆ ಹಾಗೆ ಕಾಣುತ್ತದೆ ಎಂಬುದರ ಅರ್ಧ ಉತ್ತರ ಅದರಲ್ಲಿದೆ. ಆಲೂಗಡ್ಡೆಯ ಗಂಜಿಪುಡಿಯನ್ನು ಕಿತ್ತಳೆಗೆಂಪು, ಹಸಿರು, ನೇರಳೆ ಬಣ್ಣಗಳಲ್ಲಿ ಅದ್ದಿ, ಬೆರೆಸಿ, ಗಾಜಿನ ಮೇಲೆ ತೆಳ್ಳಗೆ ಹರಡುತ್ತಿದ್ದರು. ಒಂದೊಂದು ಕಣವೂ ಒಂದು ಸಣ್ಣ ಬಣ್ಣದ ಕಿಟಕಿ. ಬೆಳಕು ಈ ಕಿಟಕಿಗಳ ಮೂಲಕ ಹಾದು ಹಿಂದಿನ ರಾಸಾಯನಿಕ ಲೇಪಕ್ಕೆ ಮುಟ್ಟಬೇಕು. ದಾರಿಯಲ್ಲೇ ಬಹಳ ಬೆಳಕು ಸೋರಿಹೋಗುವುದರಿಂದ ಒಳ್ಳೆಯ ಬಿಸಿಲಲ್ಲೂ ಒಂದೆರಡು ಸೆಕೆಂಡು ಅಲುಗದೆ ಇರಬೇಕು. ಕೋಣೆಯೊಳಗಾದರೆ ಇನ್ನೂ ಹೆಚ್ಚು. ನಾಲ್ಕು ವರ್ಷದ ಮಗುವನ್ನು ಅಷ್ಟು ಹೊತ್ತು ನಿಲ್ಲಿಸಿ ನೋಡಿ, ಗೊತ್ತಾಗುತ್ತದೆ. ಸುಮ್ಮನೆ ಕೂತ ಮಗು, ಅದರ ಹಿಂದೆ ಕೈಯಿಟ್ಟು ನಿಂತ ತಾಯಿ, ಕುರ್ಚಿಯ ತೋಳಿಗೆ ಆತುಕೊಂಡ ತಂದೆ: ನಾವು ಇದನ್ನು ಪ್ರೀತಿ, ಶಿಸ್ತು, ಮನೆತನದ ಗತ್ತು ಎಂದೆಲ್ಲ ಓದುತ್ತೇವೆ. ಅದರ ಒಂದಷ್ಟು ಪಾಲು ಅಲುಗದಂತೆ ಇರಲು ಮಾಡಿಕೊಂಡ ಏರ್ಪಾಡು. ಆಮೇಲೆ ಬಂದ ವೇಗದ ಫಿಲ್ಮಿನಲ್ಲಿ ಆ ಏರ್ಪಾಡಿನ ಅಗತ್ಯ ಇರಲಿಲ್ಲ. ಆದರೂ ನಮ್ಮೂರಿನ ಸ್ಟುಡಿಯೋಗಳಲ್ಲಿ 'ಅಲ್ಲಾಡ್ಬೇಡಿ, ಉಸಿರು ಹಿಡ್ಕೊಳಿ' ಎಂಬ ಮಾತು ಎಷ್ಟು ವರ್ಷ ಉಳಿಯಿತು, ನೆನಪಿಸಿಕೊಳ್ಳಿ.

ಹೀಗೆ ತೆಗೆದ ಫೋಟೋ ಎಂದರೆ ಒಂದು ಬೆಳಗಿನ ಕೆಲಸ. ಬಟ್ಟೆ ಆರಿಸಬೇಕು, ಜಾಗ ನೋಡಬೇಕು, ಬೆಳಕಿಗೆ ಕಾಯಬೇಕು. ಶೇರ್‌ಗಿಲ್ ಮನೆಯಲ್ಲಿ ಬಟ್ಟೆಯ ಆಯ್ಕೆಯೇ ಒಂದು ಕಥೆ. ತಾಯಿ ಒಂದು ಚಿತ್ರದಲ್ಲಿ ಯುರೋಪಿನ ಉಡುಪಿನಲ್ಲಿ, ಇನ್ನೊಂದರಲ್ಲಿ ಭಾರತದ ಉಡುಪಿನಲ್ಲಿ. ಹುಡುಗಿಯರು ಬೆಳೆದಂತೆ ಗೌನಿನಿಂದ ಸೀರೆಗೆ, ಸೀರೆಯಿಂದ ಗೌನಿಗೆ. ಎರಡು ದೇಶಕ್ಕೆ ಸೇರಿದ ಮನೆ ಎಂಬುದನ್ನು ನೆರೆಹೊರೆಯವರು ಒಪ್ಪಲಿ ಬಿಡಲಿ, ಪ್ಲೇಟಿನ ಮೇಲೆ ಮಾತ್ರ ಅದು ಸಲೀಸಾಗಿ ಒಪ್ಪಿತವಾಗಿದೆ. ಹೊರಗೆ ಅಷ್ಟು ಸಲೀಸು ಇರಲಿಲ್ಲ. ಸಿಖ್ ಸರದಾರ, ಯಹೂದಿ ಮೂಲದ ಹಂಗೆರಿ ಹೆಂಡತಿ, ಕ್ರಿಸ್ಮಸ್ ಮರ, ಸಂಸ್ಕೃತ ಗ್ರಂಥ, ಪಿಯಾನೋ. ಇವೆಲ್ಲ ಒಂದೇ ಸೂರಿನ ಕೆಳಗೆ ಸಮರಸವಾಗಿವೆ ಎಂದು ಫೋಟೋ ಹೇಳುತ್ತದೆ. ಹಾಗೆ ಹೇಳಿ ಹೇಳಿ ಅವರಿಗೇ ಅದು ನಂಬಿಕೆಯಾಗಿರಬೇಕು ಎಂಬುದು ನನ್ನ ಊಹೆ. ಪ್ರತಿಸಲ ಕ್ಯಾಮೆರಾ ಮುಂದೆ ನಿಂತಾಗಲೂ 'ನಾವು ನಾಲ್ವರು' ಎಂಬುದನ್ನು ಅವರು ಅಭ್ಯಾಸ ಮಾಡುತ್ತಿದ್ದರು, ನಾಟಕದವರು ತಾಲೀಮು ಮಾಡಿದ ಹಾಗೆ.

ಚೌಕಟ್ಟಿನೊಳಗೆ ಬಂದ ಅಪ್ಪ

ಸಾಮಾನ್ಯವಾಗಿ ಮನೆಯ ಆಲ್ಬಮ್ಮಿನಲ್ಲಿ ಅಪ್ಪ ಕಾಣಿಸುವುದಿಲ್ಲ. ಕ್ಯಾಮೆರಾ ಅವನ ಕೈಯಲ್ಲಿರುತ್ತದೆ. ಹುಟ್ಟುಹಬ್ಬ, ಜೋಗ ಜಲಪಾತ, ಶಾಲೆಯ ವಾರ್ಷಿಕೋತ್ಸವ, ಎಲ್ಲದರಲ್ಲೂ ಅಮ್ಮ ಮಕ್ಕಳು ಇದ್ದು ಅಪ್ಪನ ನೆರಳು ಮಾತ್ರ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಉಮ್ರಾವ್ ಸಿಂಗ್ ಹಾಗಲ್ಲ. ಅವರಿಗೆ ತಮ್ಮದೇ ಫೋಟೋ ತೆಗೆದುಕೊಳ್ಳುವ ಗೀಳು. ಹತ್ತಾರು ಸ್ವಚಿತ್ರಗಳಿವೆ, ಅದೂ ಯೌವನದಿಂದ ಮುಪ್ಪಿನವರೆಗೆ.

ಪ್ಯಾರಿಸಿನ ಒಂದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. 1930ರದು. ಹೆಣ್ಣುಮಕ್ಕಳ ಕಲಾಭ್ಯಾಸ, ಸಂಗೀತಾಭ್ಯಾಸಕ್ಕೆಂದು 1929ರಲ್ಲಿ ಕುಟುಂಬ ಅಲ್ಲಿಗೆ ಹೋಗಿತ್ತು. ಬಹಳ ದಿನ ಉಪವಾಸ ಮಾಡಿ, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ, ಬರಿಮೈಯಲ್ಲಿ ನಿಂತಿದ್ದಾರೆ. ಅರವತ್ತರ ಮೈ, ಉದ್ದ ಗಡ್ಡ, ಬಿಗಿದ ನರಗಳು. ಇದನ್ನು ಹಿಮಾಲಯದ ಗುಹೆಯಲ್ಲಿ ತೆಗೆದಿದ್ದರೆ ಸಾಧುವಿನ ಚಿತ್ರ ಎಂದು ಮುಂದೆ ಹೋಗುತ್ತಿದ್ದೆವು. ಇದು ಹೆಂಡತಿ ಅತಿಥಿಗಳನ್ನು ಕರೆದು ಸಂಗೀತ ಕೂಟ ನಡೆಸುವ ಪ್ಯಾರಿಸ್ ಸಂಸಾರದ ಯಜಮಾನನ ಚಿತ್ರ. ಅದೇ ಮನುಷ್ಯ ಇನ್ನೊಂದು ಫೋಟೋದಲ್ಲಿ ಪುಸ್ತಕಗಳ ನಡುವೆ ಕೂತ ಪಂಡಿತ, ಮತ್ತೊಂದರಲ್ಲಿ ಪೇಟ ಕಟ್ಟಿದ ಸರದಾರ.

ನನಗನಿಸುವುದು ಇಷ್ಟು: ಮನೆಯ ಯಜಮಾನಿಕೆ ಅವರ ಕೈಯಲ್ಲಿ ಗಟ್ಟಿಯಾಗಿರಲಿಲ್ಲ. ಖರ್ಚಿಗೆ ತಮ್ಮನ ಕಡೆ ನೋಡಬೇಕಾದ ಸ್ಥಿತಿ, ಸರ್ಕಾರದ ಕಣ್ಣು, ಮನೆಯೊಳಗೆ ಹೆಂಡತಿಯ ಬಿರುಸು. ಕ್ಯಾಮೆರಾದ ಹಿಂದೆ ನಿಂತಾಗ ಮಾತ್ರ ಎಲ್ಲರನ್ನೂ ಅವರು ಕೂರಿಸಿದಲ್ಲಿ ಕೂರಿಸಬಲ್ಲರು. ಎದುರಿಗೆ ಬಂದಾಗ ಯಾರು ಬೇಕಾದರೂ ಆಗಬಲ್ಲರು. ಇದು ತೀರ್ಪಲ್ಲ, ಅನುಮಾನ. ಆದರೆ ಮನೆಯಲ್ಲಿ ಕ್ಯಾಮೆರಾ ಯಾರ ಕೈಯಲ್ಲಿದೆಯೋ ಅವರ ಕಣ್ಣಿನ ಸಂಸಾರವೇ ಮುಂದಿನವರಿಗೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ನಿದರ್ಶನ ನಾನು ನೋಡಿಲ್ಲ. ಮೇರಿ ಆಂಟ್ವಾನೆಟ್ ಆ ಮನೆಯ ಫೋಟೋ ತೆಗೆದಿದ್ದರೆ? ಆ ಬರಿಮೈಯ ಸಾಧು ಅದರಲ್ಲಿ ಇರುತ್ತಿದ್ದನೇ?

ಇಲ್ಲದವರು

'ಶೇರ್‌ಗಿಲ್ ಕುಟುಂಬ' ಎಂದೊಡನೆ ಕಣ್ಣೆದುರು ಬರುವುದು ನಾಲ್ಕು ಮುಖ. ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು. ಈ ನಾಲ್ಕರ ಲೆಕ್ಕವನ್ನು ನಮಗೆ ಕಲಿಸಿದ್ದು ಫೋಟೋಗಳೇ. ಉಮ್ರಾವ್ ಸಿಂಗರಿಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ 1907ರಲ್ಲಿ ತೀರಿಕೊಂಡಿದ್ದರು, ಆ ಮದುವೆಯಿಂದ ಮಕ್ಕಳಿದ್ದರು. ಜಾಗೀರು, ತಮ್ಮ, ತಮ್ಮನ ಸಂಸಾರ, ಗೋರಖಪುರದ ಸರಾಯಾದಲ್ಲಿದ್ದ ಸಕ್ಕರೆ ಕಾರ್ಖಾನೆ, ಅದರಿಂದ ಬರುವ ಆಸರೆ, ಎಲ್ಲ ಸೇರಿದರೆ ಅದೊಂದು ದೊಡ್ಡ ಅವಿಭಕ್ತ ಪಂಜಾಬಿ ಬಳಗ. ಜಗತ್ತು ಇಂದು ನೋಡುವ ಫೋಟೋಗಳಲ್ಲಿ ಅದು ಹಿಂದಕ್ಕೆ ಸರಿದು, ಯುರೋಪಿನ ಮಧ್ಯಮ ವರ್ಗದ ಪುಟ್ಟ ಸಂಸಾರವೊಂದು ಮುಂದೆ ನಿಂತಿದೆ.

ಒಂದು ಸಂಗತಿ ಇಲ್ಲಿ ಕುತೂಹಲದ್ದು. 1934ರ ಕೊನೆಗೆ ಭಾರತಕ್ಕೆ ಮರಳಿದ ಅಮೃತಾ, ಮುಂದಿನ ವರ್ಷದ ಆರಂಭದಲ್ಲೇ ಅಮೃತಸರದಲ್ಲಿ ಮೂವರು ಹುಡುಗಿಯರ ಚಿತ್ರ ಬರೆದರು. ಬಂಧುಬಳಗದ ಹುಡುಗಿಯರೇ ಎದುರು ಕೂತಿದ್ದರು. ಯಾರೂ ಯಾರನ್ನೂ ನೋಡುತ್ತಿಲ್ಲ, ಮೈಮೇಲೆ ಗಾಢ ಬಣ್ಣದ ಬಟ್ಟೆ, ಮುಖದಲ್ಲಿ ಕಾಯುವ ಕಳೆ. ಮುಂಬೈಯ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂದದ್ದು ಇದಕ್ಕೇ. ತಂದೆಯ ಫೋಟೋಗಳಲ್ಲಿ ಎದುರಾಗದ ಆ ಇನ್ನೊಂದು ಕುಟುಂಬವನ್ನು ಮಗಳು ಊರಿಗೆ ಬಂದ ತಕ್ಷಣ ಕುಂಚದಲ್ಲಿ ಎದುರಿಗೆ ಕೂರಿಸಿಕೊಂಡರು. ಅದೂ ಫೋಟೋದವರ ಹಾಗೆ 'ಇಲ್ಲಿ ನೋಡಿ' ಎನ್ನದೆ.

ಅಮೃತಾ ಎಳವೆಯಿಂದ ಕ್ಯಾಮೆರಾ ಮುಂದೆ ಬೆಳೆದವರು. ಯಾವ ಕೋನದಲ್ಲಿ ಕತ್ತು ತಿರುಗಿಸಿದರೆ ಏನು ಕಾಣುತ್ತದೆ ಎಂಬುದು ಅವರಿಗೆ ಕರತಲಾಮಲಕ. ಪ್ಯಾರಿಸಿನಲ್ಲಿ ಅವರಿಗೆ ಹೆಸರು ತಂದ 1932ರ 'ಯಂಗ್ ಗರ್ಲ್ಸ್' ಚಿತ್ರಕ್ಕೆ ತಂಗಿ ಇಂದಿರಾಳನ್ನೂ ಒಬ್ಬ ಗೆಳತಿಯನ್ನೂ ಕೂರಿಸಿದ್ದರು. ಅಪ್ಪನ ಕ್ಯಾಮೆರಾಕ್ಕೆ ಜೊತೆಯಾಗಿ ನಿಲ್ಲುತ್ತಿದ್ದ ಅಕ್ಕತಂಗಿಯರಲ್ಲಿ ಒಬ್ಬಳು ಈಗ ನೋಡುವವಳು, ಇನ್ನೊಬ್ಬಳು ನೋಡಿಸಿಕೊಳ್ಳುವವಳು.

ಇನ್ನು 'ಮರ್ಯಾದೆ' ಎಂಬ ವಿಚಾರ. ಯುರೋಪಿನಿಂದ ಊರಿಗೆ ಬರುತ್ತೇನೆಂದು ಮಗಳು 1934ರಲ್ಲಿ ಬರೆದಾಗ ತಂದೆ ಹಿಂಜರಿದರು. ಅಲ್ಲಿಯ ನಡವಳಿಕೆಯ ಸುದ್ದಿಗಳು ಕಿವಿಗೆ ಬಿದ್ದಿದ್ದವು, ಇಲ್ಲಿ ನಾಲ್ಕು ಜನರ ಬಾಯಿಗೆ ಬೀಳುವ ಭಯ. ನಮ್ಮ ಮೇಲಿನ ಪ್ರೀತಿಗಿಂತ ನಿಮಗೆ ಮನೆತನದ ಹೆಸರೇ ದೊಡ್ಡದಾಯಿತಲ್ಲ ಎಂಬ ಅರ್ಥದ ಮಾತನ್ನು ಮಗಳು ವ್ಯಥೆಯಿಂದ ಬರೆದರು. ಅದೇ ವರ್ಷಗಳ ಫೋಟೋಗಳನ್ನು ಪಕ್ಕಕ್ಕಿಟ್ಟು ನೋಡಿ. ಮಗಳ ಚೆಲುವಿಗೆ, ಬುದ್ಧಿಗೆ, ಸೀರೆಯ ನಿರಿಗೆಗೆ ಮನಸೋತ ಅಪ್ಪ ಕಾಣುತ್ತಾನೆ. ಎರಡೂ ನಿಜವೇ. ಫೋಟೋ ಸುಳ್ಳು ಹೇಳಿತು ಎಂದು ನಾನು ಹೇಳಲಾರೆ. ಮಾತಿಗೆ ಬರದ ಜಗಳಕ್ಕೆ ಫೋಟೋದಲ್ಲಿ ಜಾಗವಿಲ್ಲ, ಅಷ್ಟೇ.

ನಮ್ಮ ಗೋಡೆಗಳು

ಶೇರ್‌ಗಿಲ್ಲರು ಸಿರಿವಂತರು, ಎಲ್ಲರ ಮನೆಯ ಕಥೆ ಇದಲ್ಲ ಎಂದು ಯಾರಾದರೂ ಅಂದಾರು. ಸರಿಯೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೇರ್ ಬೋರ್ದಿಯೂ ಸಂಗಡಿಗರೊಂದಿಗೆ 1965ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಮಕ್ಕಳಿರುವ ಮನೆಗಳಲ್ಲಿ ಕ್ಯಾಮೆರಾ ಇರುವ ಸಂಭವ ಮಕ್ಕಳಿಲ್ಲದ ಮನೆಗಳಿಗಿಂತ ಎರಡು ಪಟ್ಟು. ಕುಟುಂಬಕ್ಕೂ ಕ್ಯಾಮೆರಾಕ್ಕೂ ಇರುವ ಗಂಟು ಅಷ್ಟು ಬಿಗಿ. ನಮ್ಮಲ್ಲಿ ಕ್ಯಾಮೆರಾ ಕೊಂಡುಕೊಂಡ ಮನೆಗಳು ಬಹುಕಾಲ ಬೆರಳೆಣಿಕೆ. ಸ್ಟುಡಿಯೋಕ್ಕೆ ಹೋಗುವುದೇ ಒಂದು ಸಡಗರ.

ಇಲ್ಲೊಂದು ಕಾಕತಾಳೀಯ. ಇಂದಿರಾ ಮದುವೆಯಾದದ್ದು ತಮಿಳು ಮೂಲದ ಐಸಿಎಸ್ ಅಧಿಕಾರಿ ಕೆ.ವಿ.ಕೆ. ಸುಂದರಂ ಅವರನ್ನು. 1958ರಿಂದ 1967ರವರೆಗೆ ದೇಶದ ಎರಡನೇ ಮುಖ್ಯ ಚುನಾವಣಾ ಆಯುಕ್ತರಾಗಿದ್ದರು. ಅದೇ ಕುರ್ಚಿಯಲ್ಲಿ ಮುಂದೆ ಕೂತ ಟಿ.ಎನ್. ಶೇಷನ್ 1993ರಲ್ಲಿ ಮತದಾರರಿಗೆಲ್ಲ ಫೋಟೋ ಗುರುತಿನ ಚೀಟಿ ಕಡ್ಡಾಯ ಎಂದರು. ನಮ್ಮ ಹಳ್ಳಿಗಳ ಎಷ್ಟೋ ಮುದುಕಿಯರಿಗೆ ಬದುಕಿನ ಮೊದಲ ಫೋಟೋ ಅದು. ಶಾಲೆಯ ಜಗುಲಿಯಲ್ಲಿ ಸಾಲಾಗಿ ನಿಂತು, ಸೆರಗು ಸರಿಮಾಡಿಕೊಂಡು, ಗಾಬರಿಯ ಕಣ್ಣಲ್ಲಿ ತೆಗೆಸಿಕೊಂಡದ್ದು. ಅವರು ತೀರಿಕೊಂಡಾಗ ಮಕ್ಕಳು ಅದೇ ಚೀಟಿ ಹಿಡಿದು ಪೇಟೆಯ ಸ್ಟುಡಿಯೋಕ್ಕೆ ಓಡಿದರು. ಸ್ಟುಡಿಯೋದವನು ಮುಖ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ, ಹಣೆಗೆ ಕುಂಕುಮ ತಿದ್ದಿ ಹದಿಮೂರನೇ ದಿನಕ್ಕೆ ಫ್ರೇಮು ಹಾಕಿ ಕೊಟ್ಟ. ಸರ್ಕಾರ ಲೆಕ್ಕಕ್ಕೆಂದು ತೆಗೆದ ಮುಖ, ಹೂವಿನ ಹಾರ ಬಿದ್ದ ಮೇಲೆ ಮನೆಯ ಹಿರಿಯಳಾಯಿತು. ಮೊಮ್ಮಕ್ಕಳಿಗೆ ಅಜ್ಜಿ ಎಂದರೆ ಆ ಗಾಬರಿಯ ಕಣ್ಣು.

ನಮ್ಮ ಮನೆಯ ಹಳೆಯ ಆಲ್ಬಮ್ಮಿನ ಕಪ್ಪು ರಟ್ಟಿನ ಹಾಳೆಯೊಂದರಲ್ಲಿ ಫೋಟೋ ಸಿಕ್ಕಿಸುವ ನಾಲ್ಕು ಅಂಟುಮೂಲೆಗಳು ಮಾತ್ರ ಉಳಿದಿವೆ, ನಡುವೆ ಫೋಟೋ ಇಲ್ಲ. ಯಾರದು ಎಂದು ಚಿಕ್ಕವನಿದ್ದಾಗ ಕೇಳಿದ್ದೆ. 'ಬಿದ್ದುಹೋಗಿರಬೇಕು' ಎಂದರು. ನಾಲ್ಕು ಮೂಲೆಯೂ ಗಟ್ಟಿಯಾಗಿ ಅಂಟಿಕೊಂಡಿವೆ. ಅವುಗಳ ನಡುವಿಂದ ಫೋಟೋ ತಾನಾಗಿ ಬೀಳುವುದಿಲ್ಲ. ಶೇರ್‌ಗಿಲ್ಲರ ಪ್ರಕರಣ ಓದುವಾಗ ನನಗೆ ನೆನಪಾಗುವುದು ಆ ಹಾಳೆ.

ಮೊಮ್ಮಗ ಮತ್ತೆ ತೆಗೆದ ಫೋಟೋ

ಅಮೃತಾ 1941ರ ಡಿಸೆಂಬರ್ 5ರಂದು ಲಾಹೋರಿನಲ್ಲಿ ತೀರಿಕೊಂಡರು. ವಯಸ್ಸು 28. ಅಲ್ಲೇ ಅವರ ದೊಡ್ಡ ಪ್ರದರ್ಶನವೊಂದು ಕೆಲವೇ ದಿನದಲ್ಲಿ ಶುರುವಾಗಬೇಕಿತ್ತು. ತಾಯಿ ಚೇತರಿಸಿಕೊಳ್ಳಲಿಲ್ಲ, 1948ರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. ಉಮ್ರಾವ್ ಸಿಂಗ್ 1954ರವರೆಗೆ ಇದ್ದರು. ಅವರ ಕಡೆಗಾಲದ ಫೋಟೋಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅವನ್ನು ನೋಡುತ್ತ ಕೂರುವುದು ಕಷ್ಟ.

ಇಂದಿರಾರ ಮಗ ವಿವಾನ್ ಸುಂದರಂ ಹುಟ್ಟಿದ್ದು 1943ರಲ್ಲಿ, ಚಿಕ್ಕಮ್ಮನಲ್ಲ, ದೊಡ್ಡಮ್ಮ ಅಮೃತಾ ಹೋಗಿ ಒಂದೂವರೆ ವರ್ಷದ ಮೇಲೆ. ಅವರಿಗೆ ದೊಡ್ಡಮ್ಮ ಎಂದರೆ ಫೋಟೋ ಮತ್ತು ಚಿತ್ರಗಳೇ. ಮುಂದೆ ತಾವೂ ಕಲಾವಿದರಾದರು. 1980ರ ದಶಕದಲ್ಲಿ ಈ ಕುಟುಂಬವನ್ನು ಎಣ್ಣೆಬಣ್ಣದಲ್ಲಿ ಬರೆದರು, 1990ರ ದಶಕದಲ್ಲಿ ಪೆಟ್ಟಿಗೆಗಳಲ್ಲಿ ಫೋಟೋ, ವಸ್ತುಗಳನ್ನು ಜೋಡಿಸಿ ಒಂದು ಕಲಾಕೃತಿ ಮಾಡಿದರು. ಆಮೇಲೆ 2001–02ರಲ್ಲಿ ಕಂಪ್ಯೂಟರ್ ಮುಂದೆ ಕೂತು ತಾತನ ಫೋಟೋಗಳನ್ನು ಕತ್ತರಿಸಿ, ಒಂದರೊಳಗೊಂದು ಸೇರಿಸಿ 'ರೀ-ಟೇಕ್ ಆಫ್ ಅಮೃತಾ' ಎಂಬ ಮಾಲೆ ಮಾಡಿದರು.

ಇದು ಹೇಗೆಂದರೆ: ತಾತ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ವರ್ಷದಲ್ಲಿ ತೆಗೆದವರು ಇಲ್ಲಿ ಒಂದೇ ಕೋಣೆಯಲ್ಲಿದ್ದಾರೆ. ಬರಿಮೈಯ ಅಪ್ಪನ ಹತ್ತಿರ ಪ್ಯಾರಿಸಿನ ಉಡುಪಿನ ಮಗಳು. ಒಬ್ಬರೇ ವ್ಯಕ್ತಿ ಎರಡು ವಯಸ್ಸಿನಲ್ಲಿ ಎದುರುಬದುರು. ಕನ್ನಡಿಯಲ್ಲಿ ಕಾಣಬೇಕಾದವರ ಬದಲು ಮತ್ತ್ಯಾರೋ. ಫೋಟೋದ ಗೋಡೆಯ ಮೇಲೆ, ಮೈಯ ಮೇಲೆ ಅಮೃತಾರ ಚಿತ್ರಗಳ ತುಣುಕು. ಕಪ್ಪುಬಿಳುಪಿನ ಹದವನ್ನು ಎಷ್ಟು ಸೂಕ್ಷ್ಮವಾಗಿ ಹೊಂದಿಸಿದ್ದಾರೆಂದರೆ ಮೊದಲ ನೋಟಕ್ಕೆ ಹೊಲಿಗೆ ಕಾಣುವುದಿಲ್ಲ. ನಾನು ಒಂದು ಚಿತ್ರದ ಮುಂದೆ ಬಹಳ ಹೊತ್ತು ನೆರಳುಗಳನ್ನು ಹುಡುಕುತ್ತ ಕೂತಿದ್ದೆ. ಯಾರ ನೆರಳು ಎತ್ತ ಬಿದ್ದಿದೆ ಎಂದು ನೋಡಿದರೆ ಯಾರನ್ನು ಎಲ್ಲಿಂದ ತಂದು ನಿಲ್ಲಿಸಿದ್ದಾರೆ ಎಂದು ಗೊತ್ತಾದೀತು ಎಂದು.

ಮನೆಯ ಫೋಟೋಕ್ಕೆ ಹೀಗೆ ಕೈ ಹಾಕಬಹುದೇ ಎಂದು ಆಗ ಕೇಳಿದವರಿದ್ದರೆ ಅವರ ಅಳುಕು ನನಗೆ ಅರ್ಥವಾಗುತ್ತದೆ. ಅಪ್ಪ ಮಗಳನ್ನು ಹತ್ತಿರ ತಂದು ನಿಲ್ಲಿಸಿದಾಗ ನೋಡುವವರ ಮನಸ್ಸಿನಲ್ಲಿ ಬೇಡದ ಪ್ರಶ್ನೆಗಳೂ ಏಳುತ್ತವೆ, ಉತ್ತರ ಕೊಡಲು ಅವರಿಬ್ಬರೂ ಇಲ್ಲ. ಆದರೆ ತಾತ ಮಾಡಿದ್ದೂ ಇದನ್ನೇ ಅಲ್ಲವೇ? ಬಟ್ಟೆ ತೊಡಿಸಿ, ಜಾಗ ತೋರಿಸಿ, ಅಲುಗಬೇಡಿ ಎಂದು ನಿಲ್ಲಿಸಿದ್ದು. ಮೊಮ್ಮಗನ ಕೈಯಲ್ಲಿ ಆ ನಿಲ್ಲಿಸುವಿಕೆ ಬಯಲಾಗುತ್ತದೆ. ಕುಟುಂಬದ ಫೋಟೋ ತಾನಾಗಿ ಒದಗಿದ ಕ್ಷಣ ಎಂಬ ನಮ್ಮ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

ನನ್ನ ತಕರಾರು ಬೇರೆ. ಈ ಮಾಲೆಯ ಹೆಸರಿನಲ್ಲೂ ಅಮೃತಾ, ಕೇಂದ್ರದಲ್ಲೂ ಅಮೃತಾ. ವಿವಾನ್‌ರ ಸ್ವಂತ ತಾಯಿ ಇಂದಿರಾ ಇದ್ದಾರೆ, ಆದರೆ ತಂಗಿಯಾಗಿ ಇದ್ದಾರೆ. ಪಿಯಾನೋ ಕಲಿತವರು, ಸಂಸಾರ ನಡೆಸಿದವರು, ಈ ಸಾಮಗ್ರಿಯೆಲ್ಲ ಮುಂದಿನವರ ಕೈಗೆ ಬಂದ ದಾರಿಯಲ್ಲಿ ನಿಂತವರು. ಅಪ್ಪನ ಕ್ಯಾಮೆರಾ ಇಬ್ಬರನ್ನೂ ಜೋಡಿಯಾಗಿ ನಿಲ್ಲಿಸುತ್ತಿತ್ತು. ಖ್ಯಾತಿ ಬಂದು ಒಬ್ಬರನ್ನು ಮುಂದೆ ತಳ್ಳಿತು. ಮಗನ ಕಂಪ್ಯೂಟರ್ ಕೂಡ ಆ ಸರದಿಯನ್ನು ಹೆಚ್ಚು ಬದಲಿಸಲಿಲ್ಲ. ಫೋಟೋದಲ್ಲಿ ಸದಾ ಇದ್ದೂ ಕಾಣದವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ.

2007ರಲ್ಲಿ ಫ್ರಾನ್ಸಿನ ಆರ್ಲ್ ಛಾಯಾಗ್ರಹಣ ಉತ್ಸವದಲ್ಲಿ ಉಮ್ರಾವ್ ಸಿಂಗರ ಫೋಟೋಗಳ ಪ್ರದರ್ಶನ ನಡೆಯಿತು. ಮನೆಯವರಿಗೆಂದು ತೆಗೆದದ್ದು ಅಲ್ಲಿಗೆ ಎಲ್ಲರದಾಯಿತು. ಅಮೃತಾರ ತಂದೆ ಎಂದಷ್ಟೇ ಪರಿಚಯವಿದ್ದ ವ್ಯಕ್ತಿ ಭಾರತೀಯ ಛಾಯಾಗ್ರಹಣದ ಆರಂಭಿಕರಲ್ಲಿ ಒಬ್ಬರೆಂದು ಮರುಹುಟ್ಟು ಪಡೆದರು. ವಿವಾನ್ 2023ರ ಮಾರ್ಚ್‌ನಲ್ಲಿ ನಿಧನರಾದರು.

ಅದಕ್ಕೂ ಮೊದಲು, 2010ರಲ್ಲಿ, ಅವರು ಅಮೃತಾರ ಪತ್ರ, ಬರಹಗಳನ್ನು ಎರಡು ದೊಡ್ಡ ಸಂಪುಟಗಳಲ್ಲಿ ತಂದರು. ಪತ್ರಗಳ ಜೊತೆಗೆ ತಾತನ ಫೋಟೋಗಳಿವೆ. ನೆಹರೂ ಅಮೃತಾರಿಗೆ ಬರೆದ, ಆ ದಿನ ಬೂದಿಯಾದ ಕಾಗದಗಳಂಥವು ಹೇಗೂ ಇರುವಂತಿಲ್ಲ. ಇರುವುದು ಹೆಚ್ಚಾಗಿ ಅಮೃತಾ ಬೇರೆಯವರಿಗೆ ಬರೆದವು, ಆ ಬೇರೆಯವರು ಎತ್ತಿಟ್ಟುಕೊಂಡವು. ಅವುಗಳಲ್ಲಿ ಹಂಗೆರಿಯಿಂದ ಮನೆಗೆ ಬರೆದ ಒಂದು ಕಾಗದವೂ ಇದೆ. ನನ್ನ ಪತ್ರಗಳನ್ನೆಲ್ಲ ಓದಿ ಬೆಂಕಿಗೆ ಕೊಟ್ಟಿರೆಂದು ಕೇಳಿ ಆಘಾತವಾಯಿತು, ನಾನು ಅವನ್ನು ಬಿಟ್ಟುಬಂದದ್ದು ಸಾಮಾನು ಆಗಲೇ ಭಾರವಾಗಿತ್ತೆಂದೇ ಹೊರತು ಅವು ನನ್ನ ಪಾಪದ ಸಾಕ್ಷಿಗಳೆಂದಲ್ಲ, ಇನ್ನು ಮುಪ್ಪಿನಲ್ಲಿ ಹಳೆಯ ಪ್ರೇಮಪತ್ರ ಓದಿಕೊಂಡು ಹೊತ್ತು ಕಳೆಯುವ ಸುಖವೂ ನನಗಿಲ್ಲದಾಯಿತು ಎಂದು ಅದರಲ್ಲಿ ಕುಟುಕಿದ್ದಾರೆ.

ಅಂಚೆಯಲ್ಲಿ ಅದು ಮನೆ ಮುಟ್ಟಿತು. ಅದನ್ನು ಅವರು ಸುಡಲಿಲ್ಲ.